ಕಾವಲಿಗೆ ಇಟ್ಕಂಡವನೇ ಇಣುಕಿ ನೋಡಿದ್ರೆ?

ಸಂಘದ ಕಂಪ್ಯೂಟ್ರಿಗೆ ಆಂಟಿವೈರಸ್ ಕೊಳ್ಳಾನಾ ಬ್ಯಾಡ್ವಾ, ಕೊಂಡ್ರೆ ಯಾವ್ದು ಅಂತ ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಮೂರು ಸಭೆಯಿಂದ ಮಾತು ನಡೀತಾ ಅದೆ. ಒಂದಷ್ಟು ಜನ "ಹೆಸರಿರೋದು ಒಂದು ಹಾಕ್ಸಿ ನೆಮ್ದಿಯಾಗಿರಾನ" ಅಂತವ್ರೆ. ಇನ್ನೊಂದಷ್ಟು ಜನ "ಅದು ಬಂದ್ಮ್ಯಾಕೆ ಕಂಪ್ಯೂಟ್ರು ಎತ್ತಿನ ಗಾಡಿ ಆಯ್ತದೆ, ಬ್ಯಾಡ" ಅಂತವ್ರೆ. ಕನಕಪುರದ ಅತ್ತಿಗೆ ಫೋನ್ ಮಾಡಿ, "ನಮ್ ಸಂಘದಲ್ಲೂ ಇದೇ ಜಗಳ ಕಣವ್ವ, ನೀನೇನಂತೀಯ ಅದ್ನ ಬರ್ದಾಕು" ಅಂದ್ರು. ಸುತ್ತಿ ಬಳಸೋದ್ಯಾಕೆ, ಮೊದ್ಲೇ ಹೇಳ್ಬುಡ್ತೀನಿ: ವಿಂಡೋಸ್ ಜೊತೇಲೇ ಬರೋ ಡಿಫೆಂಡರ್ ಸಾಕು, ದುಡ್ಡಿನ ಆಂಟಿವೈರಸ್ಸು ನಮ್ಮಂತೋರಿಗೆ ಬ್ಯಾಡ, ಪುಗಸಟ್ಟೆ ಆಂಟಿವೈರಸ್ಸಂತೂ ಬ್ಯಾಡವೇ ಬ್ಯಾಡ. ಯಾಕೆ ಅನ್ನೋದ್ನ ಕೇಳ್ಕಂಡು ಆಮ್ಯಾಕೆ ಬೈರಿ.

ನಮ್ಮ ಕಂಪ್ಯೂಟ್ರಲ್ಲಿ ಏನದೆ ಅನ್ನೋದು ಮೊದ್ಲು ನೋಡಾನ. ಇಪ್ಪತ್ತು ಜನ ಹೆಣ್ಣುಮಕ್ಕಳ ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಯಾರು ಎಷ್ಟು ಸಾಲ ಎತ್ತವ್ರೆ, ಯಾರ ಕಂತು ಎಷ್ಟು ತಿಂಗಳಿಂದ ತಪ್ಪದೆ, ಆ ಸಾಲ ಯಾತಕ್ಕೆ ತಗಂಡ್ರು, ಎಲ್ಲಾ. ಗಂಡನಿಗೆ ಹೇಳದೆ ತವರುಮನೆಗೆ ದುಡ್ಡು ಕೊಟ್ಟೋರ ಲೆಕ್ಕನೂ ಅದ್ರಲ್ಲೇ ಅದೆ. ಅದು ನನ್ನೊಬ್ಬಳ ಗುಟ್ಟಲ್ಲ, ಇಪ್ಪತ್ತು ಮನೆಯ ಗುಟ್ಟು. ಅದ್ಕೇ ಇದು ಬರೀ ಸ್ಪೀಡಿನ ಮಾತಲ್ಲ ಅಂತೀನಿ.

ರೇಷ್ಮೆ ಸಾಕೋ ಮನೆಯೋರಿಗೆ ಈ ವಿಷಯ ಬೇಗ ಅರ್ಥ ಆಯ್ತದೆ. ಹುಳದ ಮನೆಗೆ ಊಜಿ ನೊಣ ಬರಬಾರ್ದು ಅಂತ ಕಿಟಕಿಗೆ ಪರದೆ ಕಟ್ತೀವಿ. ಬ್ಲೀಚಿಂಗ್ ಪೌಡ್ರು, ಸುಣ್ಣ ಹಾಕಿ ಮನೆ ತೊಳೀತೀವಿ, ಹೊರಗಿನೋರ್ನ ಒಳಕ್ಕೆ ಬುಡಾಕಿಲ್ಲ. ಹಂಗಂತ ನೊಣ ಬತ್ತದೆ ಅಂತ ಕಿಟಕಿಗೆ ಕಂಬಳಿ ಹೊದಿಸಿದ್ರೆ? ನಾಲ್ಕನೇ ಜ್ವರ ಎದ್ದ ಹುಳ ಗಾಳಿ ಇಲ್ದೆ ಸೆಕೆಗೇ ಸಪ್ಪೆ ರೋಗ ಹತ್ಕಂಡು ಸಾಯ್ತವೆ. ಪರದೆ ಬೇಕು, ಗಾಳೀನೂ ಆಡ್ಬೇಕು. ಇನ್ನೊಂದು ಮಾತು. ಕಾವಲಿಗೆ ಅಂತ ಯಾರ್ನೋ ಕರ್ಕಂಡು ಬಂದು ಹುಳದ ಮನೆ ಬೀಗ ಕೊಟ್ರೆ, ಅವನು ಇವರ ಮನೇಲಿ ಎಷ್ಟು ಚಂದ್ರಿಕೆ ಅದೆ, ಗೂಡು ಯಾವತ್ತು ಮಾರ್ಕೆಟ್ಟಿಗೆ ಹೋಯ್ತದೆ ಅಂತ ಊರೆಲ್ಲಾ ಮಾರ್ಕಂಡು ತಿಂದ್ರೆ ಆ ಕಾವಲು ಯಾವ ಸುಖಕ್ಕೆ?

ಮಾರ್ಕಂಡು ತಿಂದವ್ರೆ ಕಣ್ರವ್ವ, ಅದು ಕಟ್ಟುಕತೆ ಅಲ್ಲ. ಅವಾಸ್ಟ್ ಅಂತ ಒಂದು ಆಂಟಿವೈರಸ್, ಚೆಕ್ ದೇಶದ ಪ್ರಾಗ್ ಊರಿನದು. ನಮ್ಮ ಕಡೆ ಎಷ್ಟೋ ಮನೇಲಿ ಪುಗಸಟ್ಟೆ ಸಿಕ್ತದೆ ಅಂತ ಹಾಕ್ಸಿದ್ರು. ಎವಿಜಿ ಅನ್ನೋದ್ನೂ 2016ರಲ್ಲಿ ಅವ್ರೇ ಕೊಂಡ್ಕಂಡ್ರು. ಅವರದ್ದೇ ಜಂಪ್‌ಶಾಟ್ ಅಂತ ಒಂದು ಮರಿ ಕಂಪನಿ ಇತ್ತು. ಜನ ಯಾವ ಯಾವ ವೆಬ್‌ಸೈಟ್ ನೋಡ್ತಾರೆ ಅನ್ನೋದ್ನ ಆಂಟಿವೈರಸ್ಸಿಂದ, ಬ್ರೌಸರಿಗೆ ಹಾಕೋ ಅವರ ಎಕ್ಸ್‌ಟೆನ್ಷನ್ನಿಂದ ಬಾಚ್ಕಂಡು ನೂರಕ್ಕೂ ಹೆಚ್ಚು ಕಂಪನಿಗಳಿಗೆ ಮಾರಿದ್ರು. 2020ರ ಜನವರಿಯಲ್ಲಿ ಪತ್ರಿಕೆಯೋರು ಬಯಲು ಮಾಡಿದ್ಮೇಲೆ ಅದೇ ತಿಂಗಳು ಜಂಪ್‌ಶಾಟ್ ಬಾಗ್ಲು ಹಾಕಿದ್ರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಫೆಬ್ರವರಿಯಲ್ಲಿ 1 ಕೋಟಿ 65 ಲಕ್ಷ ಡಾಲರ್ ಕಟ್ಟಿ, ಇನ್ಮೇಲೆ ಜಾಹೀರಾತಿಗೆ ಅಂತ ಜನರ ಬ್ರೌಸಿಂಗ್ ಮಾಹಿತಿ ಮಾರಂಗಿಲ್ಲ ಅಂತ ಕಟ್ಟು ಹಾಕ್ತು. ಆ ಮಾಹಿತಿಯಿಂದ ಜನರ ಧರ್ಮ, ಕಾಯಿಲೆ ಕಸಾಲೆ, ರಾಜಕೀಯ, ದುಡ್ಡಿನ ಕಷ್ಟ ಎಲ್ಲಾ ಗೊತ್ತಾಗೋ ಹಂಗಿತ್ತು ಅಂತ ಕಮಿಷನ್ನೇ ಹೇಳ್ತು. ನಗು ಬರೋ ಸಂಗತಿ ಅಂದ್ರೆ, "ನಿಮ್ಮ ಹಿಂದೆ ಬೀಳೋ ಟ್ರ್ಯಾಕಿಂಗ್ ತಡೀತೀವಿ" ಅಂತ್ಲೇ ಅವ್ರು ಅದ್ನ ಹಂಚಿದ್ದು.

ಇದ್ನ ಹೇಳಿದ್ರೆ ನಮ್ಮ ಮೈದುನನ ಮಗ, "ದೊಡ್ಡವ್ವ, ನಮ್ದೇನ್ ಮುಚ್ಚಿಡಾದದೆ, ನೋಡ್ಕಳ್ಳಲಿ ಬುಡು" ಅಂತಾನೆ. ಗಂಡುಹೈಕ್ಳು ಹಂಗೇ ಅಂತವೆ. ಮುಟ್ಟು ನಿಂತ್ರೆ ಏನು, ಗರ್ಭಕೋಶದಲ್ಲಿ ಗಡ್ಡೆ ಇದ್ರೆ ಯಾವ ಆಸ್ಪತ್ರೆ, ಗಂಡ ಹೊಡುದ್ರೆ ಎಲ್ಲಿ ದೂರು ಕೊಡೋದು, ಒಡವೆ ಅಡ ಇಟ್ರೆ ಗ್ರಾಮಿಗೆ ಎಷ್ಟು ಕೊಡ್ತಾರೆ ಅಂತ ರಾತ್ರಿ ಹನ್ನೊಂದು ಗಂಟೇಲಿ ಹುಡ್ಕೋರು ಯಾರು? ನಾವು. ಡಾಕ್ಟ್ರ ಹತ್ರ ಬಾಯಿಬುಟ್ಟು ಹೇಳದೆ ಇರೋದ್ನ ಗೂಗಲ್ಲಿಗೆ ಕೇಳ್ತೀವಿ. ಅಂಥಾ ಪಟ್ಟಿ ಹೆಸರಿಲ್ದೆ ಮಾರಿದ್ರೂ, ಅದ್ರಲ್ಲಿ ಒಂದು ಊರು, ಒಂದು ಸ್ಕೂಲಿನ ಸೈಟು, ಒಂದು ಬ್ಯಾಂಕು ಸಿಕ್ಕಿದ್ರೆ ಯಾರ ಮನೆ ಅಂತ ಕಂಡ್ಹಿಡಿಯೋದು ಕಷ್ಟವಾ? ಚನ್ನಪಟ್ಟಣದಂಥ ಊರಲ್ಲಿ ಯಾರ ಮನೇಲಿ ಯಾರು ಬಸುರಿ ಅಂತ ಬಾಗ್ಲಲ್ಲಿ ಒಗೆದಾಕಿರೋ ಬಟ್ಟೆ ನೋಡೇ ಹೇಳ್ತಾರೆ.

ಈಗ ಸ್ಪೀಡಿನ ವಿಷಯಕ್ಕೆ ಬತ್ತೀನಿ. ಸಂಘದ ಕಂಪ್ಯೂಟ್ರು 4 ಜಿಬಿ ರ್‍ಯಾಮಿಂದು, ಒಳಗೆ ಗಿರ್ರನೆ ತಿರುಗೋ ಹಳೇ ಹಾರ್ಡ್‌ಡಿಸ್ಕು. ಆಂಟಿವೈರಸ್ ಅನ್ನೋದು ನಾವು ಯಾವ ಫೈಲ್ ತೆಗೆದ್ರೂ ಅದ್ನ ಮೊದ್ಲು ತಾನು ತೆಗೆದು ನೋಡಿ ಆಮೇಲೆ ನಮಗೆ ಕೊಡ್ತದೆ. ಸಂತೇಲಿ ತರಕಾರಿ ಚೀಲ ಹಿಡ್ಕಂಡು ಬಂದಾಗ ಅತ್ತೆ ಬಾಗ್ಲಲ್ಲೇ ನಿಲ್ಸಿ ಒಂದೊಂದೇ ಬದನೆಕಾಯಿ ತಿರುಗ್ಸಿ ನೋಡಿದಂಗೆ. ಒಬ್ಬ ಅತ್ತೆ ನೋಡಿದ್ರೆ ಸಹಿಸ್ಬೋದು. ಆದ್ರೆ ಕಂಪ್ಯೂಟ್ರು ಕೊಟ್ಟ ಅಂಗಡಿಯೋನು ಒಂದು ಟ್ರಯಲ್ ಆಂಟಿವೈರಸ್ಸು, ಅದ್ರ ಮ್ಯಾಲೆ "ಸ್ಪೀಡ್ ಬೂಸ್ಟರ್" ಅಂತ ಇನ್ನೊಂದು, ಬ್ರೌಸರಿಗೆ ಒಂದು ಟೂಲ್‌ಬಾರು ಎಲ್ಲಾ ತುರುಕಿ ಕಳ್ಸಿದ್ದ. ಆನ್ ಮಾಡಿ ಸಾರಿಗೆ ಒಗ್ಗರಣೆ ಹಾಕಿ ಬಂದ್ರೂ ಚಕ್ರ ಸುತ್ತುತಾನೇ ಇರದು. ಅವ್ನ ಹೆಸ್ರು ಬರೆದು ಜಗಳ ಕಟ್ಕಳ್ಳೋದು ನಂಗೆ ಬ್ಯಾಡ. ಮೂರನ್ನೂ ಕಿತ್ತು ಹಾಕ್ದೆ, ಅರ್ಧಕ್ಕರ್ಧ ವಾಸಿ ಆಯ್ತು. ಹೊರಗಿನ ಆಂಟಿವೈರಸ್ ತೆಗೆದ್ರೆ ಡಿಫೆಂಡರ್ ತಾನೇ ಎದ್ದು ಕೂತ್ಕತದೆ, ಕಾವಲಿಲ್ದೆ ಬಯಲಲ್ಲಿ ನಿಲ್ಲಾಕಿಲ್ಲ. ಇದು ಬಾಳ ಜನಕ್ಕೆ ಗೊತ್ತಿಲ್ಲ.

ಡಿಫೆಂಡರ್ರೇ ಎಲ್ಲಕ್ಕಿಂತ ಹಗುರ ಅಂತ ನಾನೇನೂ ಆಣೆ ಮಾಡಾಕಿಲ್ಲ. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್, ಜರ್ಮನಿಯ ಎವಿ-ಟೆಸ್ಟ್ ಅಂತ ಎರಡು ಸಂಸ್ಥೆ ಎಲ್ಲಾ ಆಂಟಿವೈರಸ್ಸನ್ನೂ ಪರೀಕ್ಷೆ ಮಾಡ್ತವೆ, ಎಷ್ಟು ಹಿಡೀತದೆ, ಕಂಪ್ಯೂಟ್ರು ಎಷ್ಟು ನಿಧಾನ ಮಾಡ್ತದೆ ಅಂತ. ಅದ್ರಲ್ಲಿ ಡಿಫೆಂಡರಿಗಿಂತ ಹಗುರ ಅಂತ ಬಂದವೂ ಅವೆ. ಆದ್ರೆ ಅಲ್ಲಿ ಕೊಡೋ ನಕ್ಷತ್ರ, ಅಂಕ ನಿಮ್ಮ ಗುಟ್ಟು ಎಲ್ಲಿಗೆ ಹೋಯ್ತದೆ ಅನ್ನೋದಕ್ಕಲ್ಲ. ಒಂದು ಆಂಟಿವೈರಸ್ಸು ಹಗುರನೂ ಆಗಿ, ವೈರಸ್ನೂ ಹಿಡ್ದು, ಜೊತೆಗೆ ನಿಮ್ಮ ಮಾಹಿತಿನೂ ಮಾರ್ಬೋದು. ಮೂರಕ್ಕೂ ಒಂದೇ ಅಂಕ ಇಲ್ಲ.

"ಮೈಕ್ರೋಸಾಫ್ಟ್ ಏನ್ ಸಾಧುವಾ?" ಅಂತ ನಮ್ಮ ಖಜಾಂಚಿ ಕೇಳಿದ್ರು. ಸಾಧು ಅಲ್ಲ. ವಿಂಡೋಸೂ ಮಾಹಿತಿ ಕಳಿಸ್ತದೆ, ಅನುಮಾನ ಬಂದ ಫೈಲನ್ನೂ ಕಳಿಸ್ತದೆ. ಆದ್ರೆ ಅವರು ಆಗ್ಲೇ ಮನೆ ಒಳಗವ್ರೆ, ಮನೆ ಕಟ್ಟಿದ್ದೇ ಅವರು. ಹೊರಗಿಂದ ಇನ್ನೊಬ್ಬನ್ನ ತಂದ್ರೆ ಮೊದಲ್ನೋನು ಹೋಗಾಕಿಲ್ಲ, ಎರಡು ಜೊತೆ ಕಣ್ಣಾಯ್ತವೆ. ಜೊತೆಗೆ ಕೆಲವು ಆಂಟಿವೈರಸ್ಸು ಬ್ಯಾಂಕಿನ ಬೀಗದ ಚಿಹ್ನೆ ಇರೋ ಪುಟಕ್ಕೂ ನಡುವೆ ಕೂತು, ತಂದೇ ಒಂದು ಸರ್ಟಿಫಿಕೇಟ್ ಹಾಕಿ, ಗಂಟು ಬಿಚ್ಚಿ ನೋಡಿ ಮತ್ತೆ ಗಂಟು ಹಾಕಿ ನಮಗೆ ಕೊಡ್ತವೆ. ವೈರಸ್ ಹುಡ್ಕೋಕೆ ಅಂತಾರೆ, ಒಪ್ತೀನಿ. ಆದ್ರೂ ನನ್ನ ಬ್ಯಾಂಕಿನ ಪುಟ ನಾನೂ ಬ್ಯಾಂಕಿನೋರೂ ನೋಡಿದ್ರೆ ಸಾಕು.

ಇಷ್ಟು ಒಳಗೆ ಕೂತಿರೋನು ಎಡವಿದ್ರೆ ಮನೇನೇ ಬೀಳ್ತದೆ. 2024ರ ಜುಲೈ 19 ಮರೆತ್ರಾ? ಕ್ರೌಡ್‌ಸ್ಟ್ರೈಕ್ ಅಂತ ಕಂಪನಿಗಳಿಗೆ ಕಾವಲು ಕೊಡೋ ಸಾಫ್ಟ್‌ವೇರು ಒಂದು ಕೆಟ್ಟ ಅಪ್‌ಡೇಟ್ ಕಳ್ಸಿ, ಪ್ರಪಂಚದಲ್ಲಿ 85 ಲಕ್ಷ ವಿಂಡೋಸ್ ಕಂಪ್ಯೂಟ್ರು ನೀಲಿ ಪರದೆ ತೋರ್ಸಿ ಮಲಗಿದ್ವು. ಬೆಂಗಳೂರು ಏರ್‌ಪೋರ್ಟಲ್ಲೂ ಜನ ಸಾಲುಗಟ್ಟಿ ನಿಂತಿದ್ರು. ಅದು ವೈರಸ್ಸಲ್ಲ, ವೈರಸ್ ತಡೆಯೋಕಿದ್ದೋನು.

ನಮ್ಮ ದೇಶದ್ದೇ ತಗಳ್ಳಾನ ಅಂತ ಮಾಗಡಿ ಚಿಕ್ಕವ್ವ ಹೇಳ್ತಿದ್ರು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಅವೆ, ಅಂಗಡೀಲೂ ಸಿಗ್ತವೆ. ದೇಶದ್ದು ಅನ್ನೋದು ಒಂದು ಸಮಾಧಾನ ನಿಜ. ರಷ್ಯಾದ ಕ್ಯಾಸ್ಪರ್‌ಸ್ಕಿಯನ್ನ ಅಮೆರಿಕ 2024ರಲ್ಲಿ ತನ್ನ ದೇಶದಲ್ಲಿ ಮಾರಂಗಿಲ್ಲ ಅಂತ ಮಾಡ್ತಲ್ಲಾ, ಅಲ್ಲಿಯ ಸರ್ಕಾರದ ಕೈ ಒಳಗಿರ್ಬೋದು ಅನ್ನೋ ಭಯಕ್ಕೆ. ಆದ್ರೆ ದೇಶದ್ದು ಅಂದ ತಕ್ಷಣ ಏನೂ ಕೂಡಿಡಾಕಿಲ್ಲ ಅಂತಲ್ಲ. ಕೊಳ್ಳೋದಾದ್ರೆ ಅವ್ರ ಪ್ರೈವೆಸಿ ಪಾಲಿಸಿ ಓದ್ರಿ, ಇಂಗ್ಲಿಷ್ ಬರದೇ ಇದ್ರೆ ಕಾಲೇಜಿಗೆ ಹೋಗೋ ಹುಡ್ಗಿ ಕೈಲಿ ಓದ್ಸಿ. "ಮೂರನೆಯವರ ಜೊತೆ ಹಂಚಿಕೊಳ್ತೀವಿ" ಅನ್ನೋ ಸಾಲು ಎಲ್ಲದೆ ಅಂತ ಹುಡ್ಕಿದ್ರೆ ಸಾಕು. 2023ರಲ್ಲಿ ನಮ್ಮ ದೇಶದಲ್ಲೂ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆ ಬಂತು, ಮಾಹಿತಿ ತಗಳ್ಳೋಕೆ ಮುಂಚೆ ಒಪ್ಪಿಗೆ ಕೇಳ್ಬೇಕು ಅಂತ. ಒಪ್ಪಿಗೆ ಅಂದ್ರೆ ನಾವು ಕಣ್ಮುಚ್ಕಂಡು ಒತ್ತೋ "ಐ ಅಗ್ರೀ" ಬಟನ್ನೇ ಅಲ್ವಾ!

ದುಡ್ಡಿನ ಆಂಟಿವೈರಸ್ ಯಾರಿಗೂ ಬ್ಯಾಡ ಅಂತ ಮಾತ್ರ ನಾನನ್ನಾಕಿಲ್ಲ. ತಾಲ್ಲೂಕು ಆಫೀಸಿನ ಮುಂದೆ ಜೆರಾಕ್ಸ್ ಅಂಗಡಿ ಇಟ್ಟಿರೋ ನಮ್ಮ ನಾದಿನಿ ಅವಳೆ. ಅವಳ ಕಂಪ್ಯೂಟ್ರಿಗೆ ದಿನಕ್ಕೆ ಎಷ್ಟೋ ಜನ ಪೆನ್‌ಡ್ರೈವ್ ಚುಚ್ತಾರೆ. ಅವಳು ದುಡ್ಡು ಕೊಟ್ಟು ಒಳ್ಳೇದು ಹಾಕ್ಸಿಕೊಳ್ಳೋದೇ ಸರಿ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಅದೆ, ಅದ್ರ ವೆಬ್‌ಸೈಟಲ್ಲಿ ಸೋಂಕು ತೆಗೆಯೋ ಸಾಧನ ಪುಕ್ಕಟೆ ಸಿಗ್ತವೆ, ಪೆನ್‌ಡ್ರೈವ್ ಕಾಯೋಕೆ ಸಿ-ಡ್ಯಾಕ್‌ನ ಯುಎಸ್‌ಬಿ ಪ್ರತಿರೋಧ್ ಅನ್ನೋದೂ ಅದೆ.

ಒಂದು ಕಸಿವಿಸಿಯ ಮಾತು ಹೇಳ್ತೀನಿ, ಬೇಜಾರಾದ್ರೆ ಆಗ್ಲಿ. "ಫ್ಯಾಮಿಲಿ ಸೇಫ್ಟಿ" ಅಂತ ಒಂದು ಬತ್ತದೆ, ದುಡ್ಡಿನ ಪ್ಯಾಕೇಜಿನ ಜೊತೆ. ಮಕ್ಕಳು ಕೆಟ್ಟ ಸೈಟ್ ನೋಡದಂಗೆ ತಡೆಯೋಕೆ ಅಂತಾರೆ. ಎಂಟು ವರ್ಷದ ಮಗೂಗೆ ಹಾಕ್ರಿ. ಆದ್ರೆ ಅದ್ನ ಸೊಸೆ ಫೋನಿಗೆ, ಡಿಗ್ರಿ ಓದೋ ಮಗಳ ಲ್ಯಾಪ್‌ಟಾಪಿಗೆ ಗುಟ್ಟಾಗಿ ಹಾಕೋ ಮನೆಗಳೂ ಅವೆ. ಪ್ರಾಗಿನೋನು ನೋಡಿದ್ರೆ ತಪ್ಪು, ನಾವು ನೋಡಿದ್ರೆ ಪ್ರೀತಿನಾ? ಮನೆ ಕಂಪ್ಯೂಟ್ರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಅಕೌಂಟ್ ಮಾಡ್ಕೊಡಿ, ಪಾಸ್‌ವರ್ಡ್ ಅವರವ್ರ ಹತ್ರ ಇರ್ಲಿ. ಮಕ್ಕಳ ಅಕೌಂಟು "ಸ್ಟ್ಯಾಂಡರ್ಡ್" ಇರ್ಲಿ, "ಅಡ್ಮಿನಿಸ್ಟ್ರೇಟರ್" ಬ್ಯಾಡ. ಆಗ ಅವು ಗೇಮ್ ಅಂತ ಕಂಡಕಂಡದ್ದು ಇಳಿಸಿದ್ರೂ ದೊಡ್ಡೋರ ಪಾಸ್‌ವರ್ಡ್ ಇಲ್ದೆ ಬಾಳ ಸಾಫ್ಟ್‌ವೇರು ಒಳಕ್ಕೆ ಕೂರಾಕಿಲ್ಲ. ಇದು ಯಾವ ಆಂಟಿವೈರಸ್ಸಿಗೂ ಕಮ್ಮಿ ಇಲ್ಲ, ಕಾಸೂ ಖರ್ಚಿಲ್ಲ.

ಸಂಘದ ದುಡ್ಡು ಯಾತಕ್ಕೆ ಹಾಕಾನ ಅಂದ್ರೆ, ಆಂಟಿವೈರಸ್ಸಿಗೆ ವರ್ಷ ವರ್ಷ ಕಟ್ಟೋ ಬದ್ಲು ಒಂದು ಎಸ್‌ಎಸ್‌ಡಿ ಹಾಕ್ಸಾನ, ಆದ್ರೆ ಇನ್ನು 4 ಜಿಬಿ ರ್‍ಯಾಮು. ತಿರುಗೋ ಡಿಸ್ಕ್ ಹೋದ್ರೆ ಡಿಫೆಂಡರ್ ನೋಡ್ತಾ ಅದೆ ಅನ್ನೋದೇ ಗೊತ್ತಾಗಾಕಿಲ್ಲ. ಅದ್ಕಿಂತ ದೊಡ್ಡ ತಲೆನೋವು ಇನ್ನೊಂದದೆ. ನಮ್ದು ವಿಂಡೋಸ್ 10. ಅದ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸ್ತು. ಡಿಫೆಂಡರಿಗೆ ಹೊಸ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ ಕೊಡ್ತೀವಿ ಅಂದವ್ರೆ. ಆದ್ರೆ ನಾಯಿಗೆ ಊಟ ಹಾಕಿ ಗೋಡೆ ತೂತು ಮುಚ್ದೇ ಇದ್ದಂಗಾಯ್ತು ಅದು. ಆಂಟಿವೈರಸ್ ಯಾವ್ದಾದ್ರೂ ಹಾಕ್ರಿ, ಆ ತೂತು ಅದ್ರಿಂದ ಮುಚ್ಚಾಕಿಲ್ಲ. ಹನ್ನೊಂದಕ್ಕೆ ಏರಿಸ್ಬೋದಾ ಅಂತ ನೋಡಿಸ್ಬೇಕು, ಟಿಪಿಎಂ 2.0 ಅನ್ನೋ ಚಿಪ್ಪು ಇದ್ರೇನೇ ಆಗೋದು. ಇಲ್ದಿದ್ರೆ ಈ ಕಂಪ್ಯೂಟ್ರಲ್ಲಿ ಬ್ಯಾಂಕಿನ ಕೆಲ್ಸ ನಿಲ್ಸಿ, ಲೆಕ್ಕ ಬರೆಯೋಕೆ ಮಾತ್ರ ಇಟ್ಕಳಾದು ವಾಸಿ.

ಫೋನಿನ ವಿಷಯ ಬೇರೇನೇ ಬರೀಬೇಕು, ಈಗ ಎರಡೇ ಮಾತು. ವಾಟ್ಸಾಪಲ್ಲಿ ಮದುವೆ ಕರೆಯೋಲೆ, ಗಾಡಿ ದಂಡದ ಚಲನ್ ಅಂತ ಬರೋ ಫೈಲಿನ ಹೆಸರು "ಎಪಿಕೆ" ಅಂತ ಮುಗಿದ್ರೆ ಮುಟ್ಟಬ್ಯಾಡಿ. ಯಾವ ಮದುವೆ ಮನೆಯೋರೂ ಕರೆಯೋಲೆನ ಆ್ಯಪ್ ಮಾಡಿ ಕಳ್ಸಾಕಿಲ್ಲ. "ನಿಮ್ಮ ಕಂಪ್ಯೂಟ್ರಿಗೆ ವೈರಸ್ ಬಂದದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಪರದೆ ತುಂಬಾ ಕೆಂಪಾಗಿ ಬಂದ್ರೆ ಅದೂ ಸುಳ್ಳು, ಬ್ರೌಸರ್ ಮುಚ್ಚಿ. ದುಡ್ಡು ಹೋಗೇಬುಟ್ರೆ ತಡ ಮಾಡ್ದೆ 1930ಕ್ಕೆ ಫೋನ್ ಮಾಡಿ.

ಡಿಫೆಂಡರಲ್ಲಿ ಫೈಲ್ ಕಳಿಸೋದ್ನ ಎಲ್ಲಿ ನಿಲ್ಸೋದು ಅಂತ ಅತ್ತಿಗೆ ಕೇಳಿದ್ರಲ್ಲಾ: ವಿಂಡೋಸ್ ಸೆಕ್ಯುರಿಟಿ ತೆಗೀರಿ, "ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್" ಒಳಗೆ "ಮ್ಯಾನೇಜ್ ಸೆಟ್ಟಿಂಗ್ಸ್" ಒತ್ತಿ, "ಆಟೊಮ್ಯಾಟಿಕ್ ಸ್ಯಾಂಪಲ್ ಸಬ್‌ಮಿಷನ್" ಅನ್ನೋದ್ನ ಆಫ್ ಮಾಡಿ. ಅದು ಹಳದಿ ಗುರುತು ತೋರ್ಸಿ ಹೆದರಿಸ್ತದೆ, "ಡಿಸ್ಮಿಸ್" ಒತ್ತಿ. ಅದ್ರ ಮೇಲಿರೋ "ಕ್ಲೌಡ್ ಡೆಲಿವರ್ಡ್ ಪ್ರೊಟೆಕ್ಷನ್" ಆನ್ ಇರ್ಲಿ, ಅದ್ನ ಮುಟ್ಟಬ್ಯಾಡಿ.