ತಿಮಿಂಗಿಲ ವೀಕ್ಷಣೆ: ದೋಣಿ ಏರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಶ್ರೀಲಂಕಾದ ದಕ್ಷಿಣ ತುದಿಯ ಮಿರಿಸ್ಸಾ ಬಂದರಿನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಬೆಳಿಗ್ಗೆ ಆರರ ಹೊತ್ತಿಗೇ ಜನಸಂದಣಿ ಸೇರುತ್ತದೆ. ಮೀನುಗಾರಿಕಾ ದೋಣಿಗಳ ಪಕ್ಕದಲ್ಲೇ ಪ್ರವಾಸಿ ದೋಣಿಗಳು ಸಾಲುಗಟ್ಟಿ ನಿಂತಿರುತ್ತವೆ. ಭೂಮಿಯ ಮೇಲಿನ ಅತಿ ದೊಡ್ಡ ಪ್ರಾಣಿಯಾದ ನೀಲಿ ತಿಮಿಂಗಿಲವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಇವರೆಲ್ಲರನ್ನೂ ಇಲ್ಲಿಗೆ ಕರೆತರುತ್ತದೆ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಸಂಪರ್ಕ ಇರುವುದರಿಂದ ಕರ್ನಾಟಕದ ಪ್ರವಾಸಿಗರಿಗೂ ಮಿರಿಸ್ಸಾ ದೂರದ ಊರೇನಲ್ಲ.

ಇಂತಹ ಯಾನಕ್ಕೆ ಹೊರಡುವವರ ಸಿದ್ಧತೆ ಸಾಮಾನ್ಯವಾಗಿ ಹೊಟ್ಟೆಯಿಂದ ಆರಂಭವಾಗುತ್ತದೆ. ತೀರ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಅಲೆಗಳ ಹೊಯ್ದಾಟ ತಿಳಿಯತೊಡಗುತ್ತದೆ. ಹಿಂದಿನ ರಾತ್ರಿ ಭರ್ಜರಿ ಊಟ ಮಾಡದಿರುವುದು, ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಯಾನಕ್ಕೆ ಮುಂಚೆಯೇ ನುಂಗುವುದು, ಓಲಾಟ ಕಡಿಮೆ ಇರುವ ದೋಣಿಯ ನಡುಭಾಗದಲ್ಲಿ ಕುಳಿತು ದಿಗಂತದತ್ತ ದೃಷ್ಟಿ ನೆಡುವುದು ಅನುಭವಿಗಳು ಹೇಳುವ ಉಪಾಯಗಳು. ಟೋಪಿ, ಕುಡಿಯುವ ನೀರು ಮತ್ತು ದುರ್ಬೀನು ಜೊತೆಗಿರಬೇಕು. ಜೀವರಕ್ಷಕ ಜಾಕೆಟ್ಟನ್ನು ಸೆಖೆಯೆಂದು ಬಿಚ್ಚಿಡಬಾರದು. ಋತುವನ್ನೂ ಗಮನಿಸಬೇಕು. ನೈರುತ್ಯ ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣದ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಆಗ ವೀಕ್ಷಣೆ ಪೂರ್ವ ತೀರದ ತ್ರಿಂಕೋಮಲಿಗೆ ವರ್ಗವಾಗುತ್ತದೆ.

ಇವೆಲ್ಲವೂ ಅಗತ್ಯವೇ. ಆದರೆ ಇವು ಪ್ರಯಾಣಿಕನ ಸುಖಕ್ಕೆ ಸಂಬಂಧಿಸಿದ ಸಿದ್ಧತೆಗಳು. ತಿಮಿಂಗಿಲದ ಕ್ಷೇಮಕ್ಕೆ ಸಂಬಂಧಿಸಿದ ಸಿದ್ಧತೆಯೊಂದಿದೆ. ಅದು ಟಿಕೆಟ್ ಕೊಳ್ಳುವಾಗಲೇ ಆಗಬೇಕಾದದ್ದು, ಮತ್ತು ಬಹುತೇಕ ಪ್ರವಾಸಿಗರು ಮರೆಯುವುದು ಅದನ್ನೇ.

ಇಕ್ಕಟ್ಟಿನ ಕಡಲು

ಮಿರಿಸ್ಸಾದಲ್ಲಿ ತಿಮಿಂಗಿಲಗಳು ಇಷ್ಟು ಸುಲಭವಾಗಿ ಕಾಣಸಿಗಲು ಭೌಗೋಳಿಕ ಕಾರಣವಿದೆ. ಇಲ್ಲಿ ಖಂಡದ ಅಂಚು ತೀರಕ್ಕೆ ಬಹಳ ಸಮೀಪದಲ್ಲಿದ್ದು, ಕೆಲವೇ ಮೈಲಿ ದೂರದಲ್ಲಿ ಕಡಲು ಆಳವಾಗುತ್ತದೆ. ಆಹಾರವೂ ಸಮೃದ್ಧ. ಜಗತ್ತಿನ ಇತರೆಡೆಯ ಅನೇಕ ನೀಲಿ ತಿಮಿಂಗಿಲಗಳು ಆಹಾರಕ್ಕಾಗಿ ಶೀತವಲಯಗಳಿಗೆ ವಲಸೆ ಹೋಗುತ್ತವೆ; ಇಲ್ಲಿನವು ಉಷ್ಣವಲಯದ ನೀರಿನಲ್ಲೇ ಉಳಿಯುತ್ತವೆ ಎಂಬುದನ್ನು ಶ್ರೀಲಂಕಾದ ಸಾಗರ ಜೀವಶಾಸ್ತ್ರಜ್ಞೆ ಆಶಾ ಡಿ ವೋಸ್ ಜಗತ್ತಿನ ಗಮನಕ್ಕೆ ತಂದರು.

ದುರದೃಷ್ಟವಶಾತ್ ಇದೇ ಕಡಲು ಪೂರ್ವ ಮತ್ತು ಪಶ್ಚಿಮಗಳ ನಡುವಿನ ಹಡಗುಗಳ ಹೆದ್ದಾರಿಯೂ ಹೌದು. ದೊಂಡ್ರಾ ಭೂಶಿರದ ದಕ್ಷಿಣದಲ್ಲಿ ಹಾದುಹೋಗುವ ಹಡಗು ಮಾರ್ಗ ವಿಶ್ವದ ಅತ್ಯಂತ ದಟ್ಟಣೆಯ ಮಾರ್ಗಗಳಲ್ಲೊಂದು. ಬೃಹತ್ ಹಡಗು ಡಿಕ್ಕಿ ಹೊಡೆದು ಸತ್ತ ತಿಮಿಂಗಿಲಗಳು ಈ ಭಾಗದಲ್ಲಿ ಪತ್ತೆಯಾಗಿವೆ. ಹಡಗು ಮಾರ್ಗವನ್ನು 15 ನಾಟಿಕಲ್ ಮೈಲಿ ದಕ್ಷಿಣಕ್ಕೆ ಸರಿಸಿದರೆ ಡಿಕ್ಕಿಯ ಅಪಾಯ ಶೇ 95ರಷ್ಟು ತಗ್ಗಬಹುದೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಎಂಎಸ್‌ಸಿ ಹಡಗು ಕಂಪನಿ 2022ರಲ್ಲಿ ತನ್ನ ಹಡಗುಗಳನ್ನು ಸ್ವಯಂಪ್ರೇರಣೆಯಿಂದ ದಕ್ಷಿಣದ ಹಾದಿಗೆ ತಿರುಗಿಸಿತು.

ಹೀಗೆ ಒಂದೆಡೆ ಹಡಗುಗಳು, ಇನ್ನೊಂದೆಡೆ ಪ್ರವಾಸಿ ದೋಣಿಗಳು. ತೀರದ ಕಡೆಯಿಂದ ದೋಣಿಗಳು ಬೆನ್ನಟ್ಟಿದಾಗ ತಿಮಿಂಗಿಲಗಳು ಹಡಗುಗಳ ಹಾದಿಯತ್ತಲೇ ಸರಿಯಬಹುದೆಂಬ ಆತಂಕ ಸಂಶೋಧಕರಲ್ಲಿದೆ. ಹಡಗುಗಳ ಹಾದಿ ಬದಲಿಸುವುದು ಸರ್ಕಾರಗಳ ಮತ್ತು ಕಂಪನಿಗಳ ಕೈಯಲ್ಲಿದೆ. ದೋಣಿಗಳ ನಡವಳಿಕೆ ಬದಲಿಸುವುದು ಬಹುಮಟ್ಟಿಗೆ ಪ್ರವಾಸಿಗನ ಕೈಯಲ್ಲೇ ಇದೆ.

ನಿಯಮ ಇದ್ದರಷ್ಟೇ ಸಾಲದು

2009ರಲ್ಲಿ ಅಂತರ್ಯುದ್ಧ ಮುಗಿದ ಬಳಿಕ ಶ್ರೀಲಂಕಾದ ಪ್ರವಾಸೋದ್ಯಮ ಚೇತರಿಸಿಕೊಂಡಂತೆ ತಿಮಿಂಗಿಲ ವೀಕ್ಷಣೆಯೂ ವೇಗವಾಗಿ ಬೆಳೆಯಿತು. ಮೀನುಗಾರ ಕುಟುಂಬಗಳಿಗೆ ಹೊಸ ಆದಾಯ ದೊರೆಯಿತು. 2012ರಲ್ಲಿ ಸರ್ಕಾರ ಕಡಲ ಸಸ್ತನಿಗಳ ವೀಕ್ಷಣೆಗೆ ನಿಯಮಾವಳಿ ಜಾರಿಗೊಳಿಸಿ, ದೋಣಿಗಳು ತಿಮಿಂಗಿಲದಿಂದ ಕನಿಷ್ಠ 100 ಮೀಟರ್ ದೂರದಲ್ಲಿರಬೇಕೆಂದು ವಿಧಿಸಿತು.

ಆದರೆ ನಡುಗಡಲಿನಲ್ಲಿ ಅಂತರ ಅಳೆಯಲು ಪ್ರತಿ ದೋಣಿಯ ಹಿಂದೆಯೂ ಅಧಿಕಾರಿ ಇರಲಾರ. ಅಲ್ಲಿ ನಡೆಯುವುದು ಪೈಪೋಟಿಯ ಲೆಕ್ಕ. ತಿಮಿಂಗಿಲ ಉಸಿರು ಚಿಮ್ಮಿಸಿದ ತಾಣದತ್ತ ಒಂದು ದೋಣಿ ನುಗ್ಗಿದರೆ ಉಳಿದವೂ ಹಿಂಬಾಲಿಸುತ್ತವೆ. ದೂರವೇ ನಿಂತ ಚಾಲಕ ತನ್ನ ಪ್ರಯಾಣಿಕರ ಅಸಮಾಧಾನ ಎದುರಿಸಬೇಕಾಗುತ್ತದೆ. ಪಕ್ಕದ ದೋಣಿಯವರಿಗೆ ಒಳ್ಳೆಯ ಛಾಯಾಚಿತ್ರ ದಕ್ಕಿತು, ತಮಗೆ ದಕ್ಕಲಿಲ್ಲ ಎಂಬ ದೂರು ಕೇಳಿಬರುತ್ತದೆ. ಬಕ್ಷೀಸು ಕೂಡ ಸಾಮೀಪ್ಯವನ್ನೇ ಅವಲಂಬಿಸಿದಾಗ, ನಿಯಮ ಪಾಲಿಸಿದವನೇ ನಷ್ಟ ಅನುಭವಿಸುವಂತಾಗುತ್ತದೆ.

ತಿಮಿಂಗಿಲಕ್ಕೆ ಇದು ಸಣ್ಣ ಕಿರುಕುಳವಲ್ಲ. ಅದು ಮೀನಲ್ಲ, ಸಸ್ತನಿ, ಶ್ವಾಸಕೋಶದಿಂದ ಉಸಿರಾಡುತ್ತದೆ. ಆಳಕ್ಕೆ ಮುಳುಗಿ ಆಹಾರ ಹುಡುಕಿ, ಹತ್ತು-ಹದಿನೈದು ನಿಮಿಷಗಳ ಬಳಿಕ ಉಸಿರಿಗಾಗಿಯೇ ಮೇಲೇಳುತ್ತದೆ. ಆ ಕೆಲವು ನಿಮಿಷಗಳ ವಿಶ್ರಾಂತಿಯ ನಡುವೆ ಎಂಜಿನ್ನುಗಳು ಸುತ್ತುವರಿದರೆ ಅದು ಬೇಗ ಮುಳುಗಬೇಕಾಗುತ್ತದೆ. ಒಂದು ದಿನದ ಕಾಟ ಅದನ್ನು ಕೊಲ್ಲಲಿಕ್ಕಿಲ್ಲ. ಋತುವಿನುದ್ದಕ್ಕೂ ಇದೇ ನಡೆದರೆ ಉಣ್ಣುವ ಹೊತ್ತು ಓಡುವುದರಲ್ಲೇ ಕಳೆಯುತ್ತದೆ.

ಆದ್ದರಿಂದ ಟಿಕೆಟ್ ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ. ದೋಣಿಗೆ ಪರವಾನಗಿ ಇದೆಯೇ? 100 ಮೀಟರ್ ಅಂತರವನ್ನು ಚಾಲಕ ಕಾಯ್ದುಕೊಳ್ಳುತ್ತಾನೆಯೇ? ಒಂದೇ ತಿಮಿಂಗಿಲದ ಸುತ್ತ ಹಲವು ದೋಣಿಗಳಿದ್ದರೆ ಏನು ಮಾಡುತ್ತಾರೆ? ಪ್ರಾಣಿಗಳ ಬಗ್ಗೆ ವಿವರಿಸಬಲ್ಲ ಮಾರ್ಗದರ್ಶಿ ಇದ್ದಾರೆಯೇ? ‘ತೀರ ಹತ್ತಿರಕ್ಕೆ ಒಯ್ಯುತ್ತೇವೆ’ ಎಂಬುದು ಆಕರ್ಷಣೆಯಲ್ಲ, ಎಚ್ಚರಿಕೆಯ ಗಂಟೆ. ಹೆಚ್ಚು ಗ್ರಾಹಕರು ಹೀಗೆ ಕೇಳತೊಡಗಿದರೆ ಸಂಯಮಕ್ಕೂ ಮಾರುಕಟ್ಟೆ ದೊರೆಯುತ್ತದೆ. ದುರ್ಬೀನು ಒಯ್ಯುವ ಸಲಹೆಗೂ ಇಲ್ಲಿಯೇ ನಿಜವಾದ ಅರ್ಥವಿದೆ. ಎಂಟು-ಒಂಬತ್ತು ಮೀಟರ್ ಎತ್ತರಕ್ಕೆ ಚಿಮ್ಮುವ ನೀಲಿ ತಿಮಿಂಗಿಲದ ಉಸಿರು ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತದೆ.

ಈ ಪಾಠ ಶ್ರೀಲಂಕಾಕ್ಕಷ್ಟೇ ಸೀಮಿತವಲ್ಲ. ಉತ್ತರ ಕನ್ನಡದ ಕಾರವಾರ ಮತ್ತು ಗೋಕರ್ಣದ ಕಡಲಿನಲ್ಲೂ ಪ್ರವಾಸಿಗರನ್ನು ಡಾಲ್ಫಿನ್ ತೋರಿಸಲು ದೋಣಿಗಳಲ್ಲಿ ಕರೆದೊಯ್ಯಲಾಗುತ್ತದೆ. ಡಾಲ್ಫಿನ್ ಕೂಡ ತಿಮಿಂಗಿಲದ ವಂಶದ್ದೇ, ಅದೂ ಉಸಿರಿಗಾಗಿ ಮೇಲೇಳಲೇಬೇಕು. ದೋಣಿಗಳ ಸಂಖ್ಯೆ ಮಿತಿ ಮೀರಿದ ಮೇಲೆ ಶಿಸ್ತು ತರುವುದು ಎಷ್ಟು ಕಷ್ಟವೆಂಬುದಕ್ಕೆ ಮಿರಿಸ್ಸಾ ಉದಾಹರಣೆಯಾಗಿ ಕಣ್ಣೆದುರಿಗಿದೆ. ಆ ಹಂತ ತಲುಪುವ ಮುನ್ನವೇ ದೋಣಿ ಮಾಲೀಕರು, ಮೀನುಗಾರರು ಮತ್ತು ಅರಣ್ಯ ಇಲಾಖೆ ಒಟ್ಟಿಗೆ ಕುಳಿತು ಅಂತರ ಮತ್ತು ವೇಗದ ಮಿತಿಯನ್ನು ಒಪ್ಪಿಕೊಳ್ಳುವುದು ವಿವೇಕದ ನಡೆ.

ತಿಮಿಂಗಿಲ ಕಾಣದೆ ಮರಳುವ ದಿನಗಳೂ ಇರುತ್ತವೆ. ಅದಕ್ಕೆ ಮನಸ್ಸನ್ನು ಅಣಿಗೊಳಿಸಿಕೊಂಡು ಹೊರಡುವ ಪ್ರವಾಸಿ ಚಾಲಕನನ್ನು ಅವಸರಪಡಿಸುವುದಿಲ್ಲ. ಸಿದ್ಧತೆಯ ಪಟ್ಟಿಯಲ್ಲಿ ಮಾತ್ರೆ, ಟೋಪಿಗಳಿಗಿಂತ ಮೊದಲು ಬರೆದುಕೊಳ್ಳಬೇಕಾದದ್ದು ಈ ತಾಳ್ಮೆಯನ್ನೇ.