ಹಗುರ ಕಾರು, ಭಾರದ ತೆರಿಗೆ

ಪೇಟೆಯ ಮೋಟಾರು ಪತ್ರಿಕೆಗಳ ನುಣುಪು ಹಾಳೆಗಳಲ್ಲಿ ಈಚೆಗೆ ಒಂದು ಉಪದೇಶ ಮತ್ತೆ ಮತ್ತೆ ಕಾಣಬರುತ್ತಿದೆ. ಸ್ಪೋರ್ಟ್ಸ್ ಕಾರೆಂದರೆ ಭಾನುವಾರದ ಷೋಕಿಗೆ ಮಾತ್ರವೆಂದು ತಿಳಿಯಬೇಡಿರಿ. ಹಗುರವಾದದ್ದೊಂದನ್ನು ಆರಿಸಿಕೊಂಡು ದಿನಾ ಕೆಲಸಕ್ಕೆ ಅದರಲ್ಲಿಯೇ ಹೋಗಿ ಬನ್ನಿರಿ. ಅದು ಪೆಟ್ರೋಲು ಕಡಮೆ ಕುಡಿಯುತ್ತದೆ, ಟೈರು ಬೇಗ ಸವೆಯುವುದಿಲ್ಲ, ಇಕ್ಕಟ್ಟಿನಲ್ಲಿ ನುಸುಳಿಕೊಂಡು ಹೋಗುತ್ತದೆ, ಮನಸ್ಸಿಗೂ ಉಲ್ಲಾಸ. ಇದು ಆ ಉಪದೇಶದ ಸಾರ.

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಬೆಳಗಿನ ಜಾವ ಹೊಸಪೇಟೆಯ ಬಸ್ಸಿಗೆ ಕಾದು ನಿಂತವನಿಗೆ ಇದನ್ನು ಓದಿ ಹೇಳಿದರೆ ಅವನು ನಕ್ಕು ಸುಮ್ಮನಾದಾನು. ನಾವು ಸುಮ್ಮನಾಗುವುದಿಲ್ಲ. ಏಕೆಂದರೆ ಈ ನಗೆಪಾಟಲಿನ ಹಿಂದೆ ನಗಲಾಗದ ಪ್ರಶ್ನೆಯೊಂದು ಅಡಗಿದೆ. ದುಡಿಮೆಗೆ ಹೋಗಿಬರುವ ದಾರಿಯ ವೆಚ್ಚವನ್ನು ಈ ರಾಜ್ಯದಲ್ಲಿ ಯಾರು ಹೊರುತ್ತಿದ್ದಾರೆ? ಯಾರು ಜಾರಿಸಿಕೊಳ್ಳುತ್ತಿದ್ದಾರೆ?

ಮೊದಲು ಎದುರಾಳಿಯ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳೋಣ. ಹಗುರವಾದ ಗಾಡಿ ಒಳ್ಳೆಯ ಗಾಡಿ. ಇದರಲ್ಲಿ ನಮಗೆ ತಕರಾರಿಲ್ಲ. ಇಂಗ್ಲೆಂಡಿನ ಲೋಟಸ್ ಕಂಪನಿಯನ್ನು ಕಟ್ಟಿದ ಕಾಲಿನ್ ಚಾಪ್‌ಮನ್ ಈ ಹಗುರಪಂಥದ ಆದಿಗುರು. ೧೯೫೭ರಲ್ಲಿ ಅವನು ಹೊರತಂದ ‘ಸೆವೆನ್’ ಎಂಬ ಕಾರು ತೂಗುತ್ತಿದ್ದುದು ಸುಮಾರು ೫೦೦ ಕಿಲೋ. ಅದೇ ಕಂಪನಿಯ ೧೯೯೬ರ ‘ಇಲೀಸ್’ ೭೦೦ ಕಿಲೋ ಚಿಲ್ಲರೆ. ಜಪಾನಿನ ಮಾಜ್ದಾದವರು ೧೯೮೯ರಲ್ಲಿ ತಂದ ಎರಡು ಸೀಟಿನ ‘ಎಂಎಕ್ಸ್-೫’ ಒಂದು ಟನ್ನಿನ ಒಳಗೇ ಇತ್ತು. ನಮ್ಮ ದೇಶದಲ್ಲಿಯೂ ೧೯೯೦ರ ದಶಕದ ಕೊನೆಗೆ ಗೋವೆಯಲ್ಲಿ ‘ಸ್ಯಾನ್ ಸ್ಟಾರ್ಮ್’ ಎಂಬ ಕಾರು ತಯಾರಾಯಿತು. ಫೈಬರಿನ ಮೈ, ಎರಡೇ ಸೀಟು, ಫ್ರಾನ್ಸಿನ ರೆನೋ ಎಂಜಿನ್ನು. ಕೊಳ್ಳುವವರು ಬೆರಳೆಣಿಕೆಯಷ್ಟು ಮಂದಿ. ಅದು ಊರು ತುಂಬಲಿಲ್ಲ.

ಹಗುರವೇ ಗುಣವೆಂದಾದರೆ ಲೆಕ್ಕವನ್ನು ಸರಿಯಾಗಿ ಹಾಕೋಣ. ಗಾಡಿಯ ತೂಕವನ್ನು ಗಾಡಿಗೆ ಕಟ್ಟಿ ಅಳೆಯಬಾರದು. ಅದು ಹೊತ್ತ ಜನರ ತಲೆಗೆ ಹಂಚಿ ಅಳೆಯಬೇಕು. ೭೦೦ ಕಿಲೋದ ಕಾರಿನಲ್ಲಿ ಒಬ್ಬ ಕೂತು ಕಚೇರಿಗೆ ಹೋದರೆ ಒಂದು ತಲೆಗೆ ೭೦೦ ಕಿಲೋ ಕಬ್ಬಿಣ ಓಡಿದಂತಾಯಿತು. ಖಾಲಿ ಬಸ್ಸಿನ ತೂಕ ಹತ್ತು ಟನ್ನೆಂದೇ ಇಟ್ಟುಕೊಳ್ಳೋಣ. ಐವತ್ತು ಮಂದಿ ಕೂತರೆ ತಲೆಗೆ ೨೦೦ ಕಿಲೋ. ನಮ್ಮ ಬಸ್ಸುಗಳಲ್ಲಿ ಐವತ್ತಕ್ಕೆ ನಿಲ್ಲುತ್ತದೆಯೇ? ಜೋತುಬಿದ್ದವರನ್ನೂ ಸೇರಿಸಿ ಎಂಬತ್ತಾದರೆ ತಲೆಗೆ ೧೨೫ ಕಿಲೋ. ಇನ್ನು ನಮ್ಮ ಸಂತೆ ವ್ಯಾಪಾರಿಯ ಟಿವಿಎಸ್ ಎಕ್ಸೆಲ್: ಅದರ ತೂಕ ತೊಂಬತ್ತು ಕಿಲೋದ ಒಳಗೆ. ಅದರ ಮೇಲೆ ಅವನು, ಅವನ ಹಿಂದೆ ಈರುಳ್ಳಿ ಚೀಲ, ಮುಂದೆ ಎಣ್ಣೆ ಡಬ್ಬ. ಸೈಕಲ್ಲಿನ ಮಾತನ್ನಂತೂ ಎತ್ತುವುದೇ ಬೇಡ. ಹೀಗಿರುವಾಗ ಹಗುರ ಗಾಡಿಯ ಉಪದೇಶ ಯಾರಿಗೆ ಯಾರು ಮಾಡಬೇಕು? ಇಡೀ ಬಾಳನ್ನು ಹಗುರ ಗಾಡಿಯ ಮೇಲೆ ಕಳೆದವರಿಗೆ ಮೊನ್ನೆ ಮೊನ್ನೆ ಅದನ್ನು ಕಂಡುಕೊಂಡವರು ಪಾಠ ಹೇಳುತ್ತಿದ್ದಾರೆ!

ಆ ಕಾರು ನಮ್ಮ ಸೀಮೆಯ ದಾರಿಗೆ ಬಂದರೆ ಆಗುವುದೇನು ಎಂಬುದನ್ನೂ ನೋಡೋಣ. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಒಂದು ಗೇಣು ಜಾಗವಿಲ್ಲ. ಊರೂರಿನ ಹಂಪುಗಳನ್ನು ಅದು ದಾಟಬೇಕಾದರೆ ನಾಲ್ಕು ಜನ ಎತ್ತಿ ದಾಟಿಸಬೇಕಾದೀತು. ಕೊಟ್ಟೂರಿನ ತೇರಿಗೆ, ಮೈಲಾರದ ಜಾತ್ರೆಗೆ ಬಟ್ಟೆ ಗಂಟು, ಬಳೆ ಪೆಟ್ಟಿಗೆ ಒಯ್ಯುವ ವ್ಯಾಪಾರಿ ಅದರ ಡಿಕ್ಕಿಯಲ್ಲಿ ಏನು ಇಟ್ಟಾನು? ಹೆಂಡತಿಯನ್ನು ಕೂಡಿಸಿಕೊಂಡರೆ ಮಕ್ಕಳನ್ನು ಎಲ್ಲಿ ಕೂಡಿಸಿಯಾನು? ಈ ದಾರಿಗಳು ಹಾಳಾದುದು ನಮ್ಮ ಸೈಕಲ್ಲು ಮೊಪೆಡ್ಡುಗಳಿಂದಲ್ಲ. ಅದಿರಿನ ಹುಚ್ಚು ನೆತ್ತಿಗೇರಿದ್ದ ಕಾಲದಲ್ಲಿ ಮಿತಿಮೀರಿ ಹೇರಿದ ಲಾರಿಗಳು ಸಂಡೂರು, ಹೊಸಪೇಟೆಯ ರಸ್ತೆಗಳನ್ನು ಅಗೆದು ಹಾಕಿದುವು. ೨೦೧೧ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಲಾಭ ಹೋದದ್ದು ಕೆಲವರ ತಿಜೋರಿಗೆ. ಧೂಳು ಉಳಿದದ್ದು ನಮ್ಮ ಎದೆಗೂಡಿನಲ್ಲಿ.

ಈಗ ತೆರಿಗೆಯ ಮಾತಿಗೆ ಬರೋಣ. ಇಲ್ಲಿಯೇ ಹುಣ್ಣಿರುವುದು.

ಕರ್ನಾಟಕ ಸರಕಾರದ ಆಜೀವ ತೆರಿಗೆಯ ಪಟ್ಟಿಯನ್ನು ಓದುಗರು ಒಮ್ಮೆ ಕಣ್ಣಿಟ್ಟು ನೋಡಬೇಕು. ಪೆಟ್ರೋಲಿನ ಕಾರಿಗೆ: ೫ ಲಕ್ಷದ ತನಕ ನೂರಕ್ಕೆ ೧೩, ೧೦ ಲಕ್ಷದ ತನಕ ೧೪, ೨೦ ಲಕ್ಷದ ತನಕ ೧೭, ಅದರಾಚೆಗೆ ಎಷ್ಟೇ ಆಗಲಿ ೧೮. ದ್ವಿಚಕ್ರ ವಾಹನಕ್ಕೆ: ೫೦ ಸಾವಿರದೊಳಗಿದ್ದರೆ ೧೦, ಲಕ್ಷದ ತನಕ ೧೨, ಲಕ್ಷ ದಾಟಿತೋ, ೧೮! ಇದರ ಮೇಲೆ ಸೆಸ್ಸು ಬೇರೆ.

ಅಂದರೇನಾಯಿತು? ಹಳ್ಳಿಯಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಬರುವವನು, ಪಾಳಿಗೆ ಹೋಗುವ ಗಿರಣಿ ಕಾರ್ಮಿಕನು ಸಾಲ ಮಾಡಿ ೧,೧೦,೦೦೦ ರೂಪಾಯಿಯ ಬೈಕು ಕೊಂಡರೆ ನೂರಕ್ಕೆ ಹದಿನೆಂಟರಂತೆ ೧೯,೮೦೦ ರೂಪಾಯಿ ಕಟ್ಟಬೇಕು. ದಿನಕ್ಕೆ ೫೦೦ ರೂಪಾಯಿ ಕೂಲಿಯವನಿಗೆ ಅದು ಹತ್ತಿರ ಹತ್ತಿರ ನಲವತ್ತು ದಿನಗಳ ದುಡಿಮೆ. ೧೫ ಲಕ್ಷದ ಕಾರಿನ ಒಡೆಯನ ದರ ೧೭. ನಮ್ಮವನ ದರಕ್ಕಿಂತ ಒಂದು ಕಡಮೆ. ಏಳೂವರೆ ಕೋಟಿಯ ಸ್ಪೋರ್ಟ್ಸ್ ಕಾರಿನವನ ದರವೂ ನಮ್ಮ ಬೈಕಿನವನ ದರವೂ ಒಂದೇ! ‘ಅವರು ರೂಪಾಯಿ ಲೆಕ್ಕದಲ್ಲಿ ಹೆಚ್ಚು ಕೊಡುವುದಿಲ್ಲವೇ’ ಎಂದು ಯಾರಾದರೂ ವಾದಿಸಬಹುದು. ಕೊಡುತ್ತಾರೆ. ಆದರೆ ನ್ಯಾಯವಾದ ತೆರಿಗೆಯೆಂದರೆ ಮೇಲೇರಿದಂತೆ ದರವೂ ಏರಬೇಕು. ೨೦ ಲಕ್ಷಕ್ಕೆ ಏಣಿಯನ್ನು ಕತ್ತರಿಸಿ ನಿಲ್ಲಿಸಿದ್ದು ಯಾರ ಅನುಕೂಲಕ್ಕೆ? ಬಡವನ ಏಣಿ ಮಾತ್ರ ಒಂದು ಲಕ್ಷಕ್ಕೇ ತುದಿ ಮುಟ್ಟುವುದು ಯಾವ ನೀತಿ?

ಇಷ್ಟು ಅನುಕೂಲವಿದ್ದರೂ ಅವರಲ್ಲಿ ಹಲವರು ಅದನ್ನೂ ಕಟ್ಟುವುದಿಲ್ಲ. ೨೦೨೫ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಒಂದೇ ಕಾರ್ಯಾಚರಣೆಯಲ್ಲಿ ಸುಮಾರು ೩೦ ಐಷಾರಾಮಿ ಕಾರುಗಳನ್ನು ಹಿಡಿದರು. ಹೊರರಾಜ್ಯದಲ್ಲಿ ನೋಂದಣಿ, ಓಡಾಟ ಮಾತ್ರ ಬೆಂಗಳೂರಿನಲ್ಲಿ. ಅದೇ ವರ್ಷದ ಜುಲೈಯಲ್ಲಿ ಮಹಾರಾಷ್ಟ್ರದ ನಂಬರು ಹೊತ್ತು ಬೆಂಗಳೂರಿನಲ್ಲಿ ತಿರುಗುತ್ತಿದ್ದ ಫೆರಾರಿ ಕಾರೊಂದರ ಒಡೆಯನಿಗೆ ನೋಟೀಸು ಹೋಯಿತು. ಸಂಜೆಯೊಳಗೆ ಕಟ್ಟದಿದ್ದರೆ ಕಾರು ಜಪ್ತಿಯೆಂದಾಗ ಹಣ ಬಂತು. ಎಷ್ಟು? ೧ ಕೋಟಿ ೪೧ ಲಕ್ಷ ರೂಪಾಯಿಗೂ ಮಿಕ್ಕಿ! ಒಂದೇ ದಿನದಲ್ಲಿ ಇಷ್ಟು ಎಣಿಸಿ ಕೊಡಬಲ್ಲವನು ಅಲ್ಲಿಯವರೆಗೆ ಕೊಟ್ಟಿರಲಿಲ್ಲ. ನಮ್ಮ ಬೈಕಿನವನಿಗೆ ಈ ಸವಲತ್ತುಂಟೇ? ತೆರಿಗೆ ಕಟ್ಟಿದ ಹೊರತು ಷೋರೂಮಿನಿಂದ ಅವನ ಗಾಲಿ ಹೊರಗೆ ಉರುಳುವುದಿಲ್ಲ.

ತೆರಿಗೆ ತಪ್ಪಿಸುವ ಈ ಕಲೆ ಹಗುರ ಕಾರಿನ ಹುಟ್ಟುಗುಣವೋ ಏನೋ. ಮೇಲೆ ಹೇಳಿದ ‘ಸೆವೆನ್’ ಕಾರನ್ನು ಇಂಗ್ಲೆಂಡಿನಲ್ಲಿ ಬಿಡಿ ಭಾಗಗಳ ಪೆಟ್ಟಿಗೆಯಾಗಿ ಮಾರುತ್ತಿದ್ದರು. ಏಕೆ? ಜೋಡಿಸಿದ ಕಾರಿಗೆ ಖರೀದಿ ತೆರಿಗೆಯುಂಟು, ಬಿಡಿ ಭಾಗಗಳಿಗೆ ಇಲ್ಲ. ಮನೆಗೊಯ್ದು ಜೋಡಿಸಿಕೊಂಡರೆ ತೆರಿಗೆ ಉಳಿಯಿತು. ೧೯೭೩ರಲ್ಲಿ ಅಲ್ಲಿ ಹೊಸ ತೆರಿಗೆ ಪದ್ಧತಿ ಬಂದ ಮೇಲೆ ಆ ಕಿಂಡಿ ಮುಚ್ಚಿತು. ಅಲ್ಲಿಯ ಸರಕಾರ ಮುಚ್ಚಬಲ್ಲ ಕಿಂಡಿಯನ್ನು ಇಲ್ಲಿಯ ಸರಕಾರ ಏಕೆ ಮುಚ್ಚಲಾರದು?

ಕಿಂಡಿ ಮುಚ್ಚುವುದಿರಲಿ, ದಿಲ್ಲಿಯವರು ಬಾಗಿಲನ್ನೇ ತೆರೆದಿದ್ದಾರೆ. ೨೦೨೫ರ ಜುಲೈ ೨೪ರಂದು ಬ್ರಿಟನ್ನಿನೊಡನೆ ಸಹಿಯಾದ ವ್ಯಾಪಾರ ಒಪ್ಪಂದದಲ್ಲಿ, ಅಲ್ಲಿಂದ ಬರುವ ಕಾರುಗಳ ಮೇಲಿದ್ದ ನೂರಕ್ಕೆ ನೂರು ದಾಟಿದ ಸುಂಕವನ್ನು ಗೊತ್ತುಪಡಿಸಿದ ಸಂಖ್ಯೆಯ ಮಟ್ಟಿಗೆ ಹಂತಹಂತವಾಗಿ ೧೦ಕ್ಕೆ ಇಳಿಸಲು ಒಪ್ಪಲಾಗಿದೆ. ಅದೇ ವರ್ಷದ ಸೆಪ್ಟೆಂಬರ್ ೨೨ರಿಂದ ದೊಡ್ಡ ಕಾರುಗಳ ಮೇಲೆ ಸೆಸ್ಸೂ ಸೇರಿ ೫೦ರ ತನಕ ಹೋಗುತ್ತಿದ್ದ ಜಿಎಸ್‌ಟಿಯನ್ನು ೪೦ಕ್ಕೆ ತಂದರು. ಸಣ್ಣ ಬೈಕಿಗೆ ೨೮ರಿಂದ ೧೮ಕ್ಕೆ, ಸೈಕಲ್ಲಿಗೆ ೧೨ರಿಂದ ೫ಕ್ಕೆ ಇಳಿಸಿದ್ದನ್ನು ನಾವು ಮರೆಮಾಚುವುದಿಲ್ಲ. ಅದು ಒಳ್ಳೆಯ ಕೆಲಸ. ಆದರೆ ಸೈಕಲ್ಲಿನ ಹೆಸರು ಹೇಳಿ ಕೋಟಿ ಬೆಲೆಯ ಕಾರಿಗೂ ಪ್ರಸಾದ ಹಂಚುವುದೇಕೆ?

ಅದೇ ೨೦೨೫ರ ಜನವರಿ ೫ರಂದು ನಮ್ಮ ಸಾರಿಗೆ ಬಸ್ಸುಗಳ ಟಿಕೇಟು ನೂರಕ್ಕೆ ೧೫ ಏರಿತು. ೨೦೨೩ರ ಜೂನ್ ೧೧ರಿಂದ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಬಂದುದನ್ನು ನಾವು ಮನಸಾರೆ ಸ್ವಾಗತಿಸಿದ್ದೇವೆ, ಈಗಲೂ ಸಮರ್ಥಿಸುತ್ತೇವೆ. ಆದರೆ ಹತ್ತುವವರು ಹೆಚ್ಚಿದಷ್ಟು ಬಸ್ಸು ಹೆಚ್ಚಬೇಡವೇ? ಬಸ್ಸು ಓಡಿಸುವವನ ಸಂಬಳ ಸಿಗಬೇಡವೇ? ೨೦೨೫ರ ಆಗಸ್ಟ್ ೫ರಂದು ಸಾರಿಗೆ ನೌಕರರು ಮುಷ್ಕರ ಹೂಡಿದ್ದು ೩೮ ತಿಂಗಳ ಹಿಂಬಾಕಿಗಾಗಿ. ಭಿಕ್ಷೆ ಕೇಳಲು ಅವರು ಬೀದಿಗಿಳಿದಿರಲಿಲ್ಲ. ದುಡಿದ ಹಣವನ್ನು ಕೇಳಲು ಇಳಿದಿದ್ದರು. ರೈಲಿನ ಕಥೆಯೂ ಬೇರೆಯಲ್ಲ. ನಮ್ಮ ಊರಿನ ಮೇಲೆ ಹಾಯುವ ಹೊಸಪೇಟೆ–ಕೊಟ್ಟೂರು ದಾರಿ ಬ್ರಾಡ್‌ಗೇಜಾಗಿ ಹರಿಹರವನ್ನು ಮುಟ್ಟಿದ ಮೇಲೂ ಪ್ರಯಾಣಿಕರ ಗಾಡಿಗೆ ೨೦೧೯ರ ತನಕ ಕಾಯಬೇಕಾಯಿತು.

೧೯೬೩ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ಎದ್ದುನಿಂತು ಈ ದೇಶದ ೨೭ ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದರು. ಸರಕಾರ ಇಲ್ಲ, ಹದಿನೈದಾಣೆ ಎಂದಿತು. ಆಣೆ ಹೋಯಿತು, ಆ ವಾದ ಹೋಗಲಿಲ್ಲ. ಅವರು ಅಂದು ಕೇಳಿದ್ದು ಮೇಲಿನವನ ಖರ್ಚಿಗೂ ಕೆಳಗಿನವನ ಗಳಿಕೆಗೂ ನಡುವಿನ ಅಂತರದ ಲೆಕ್ಕವನ್ನು. ಫೆರಾರಿಯ ಒಂದು ದಿನದ ತೆರಿಗೆಯನ್ನೂ ನಮ್ಮ ಕೂಲಿಯನ್ನೂ ಅಕ್ಕಪಕ್ಕ ಇಟ್ಟು ನೋಡಿರಿ: ದಿನಕ್ಕೆ ೫೦೦ ರೂಪಾಯಿಯಂತೆ ವರ್ಷಕ್ಕೆ ೩೦೦ ದಿನ ದುಡಿದರೂ ಆ ಮೊತ್ತ ಮುಟ್ಟಲು ೯೪ ವರ್ಷ ಬೇಕು. ಅದು ಕಾರಿನ ಬೆಲೆಯಲ್ಲ, ಬರಿಯ ತೆರಿಗೆ!

ಹಗುರ ಗಾಡಿಯಲ್ಲಿ ಕೆಲಸಕ್ಕೆ ಹೋಗುವ ಆಸೆ ನಿಜವಾದುದಾಗಿದ್ದರೆ ಅದಕ್ಕೂ ದಾರಿಯಿತ್ತು. ೨೦೦೧ರಲ್ಲಿ ಬೆಂಗಳೂರಿನಲ್ಲಿಯೇ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಹುಟ್ಟಿತು. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಅದು ಓಡಿತು. ನಮ್ಮ ಶ್ರೀಮಂತರಿಗೆ ಅದು ಬೇಕಾಗಲಿಲ್ಲ. ಅದರಲ್ಲಿ ಗುಡುಗು ಇರಲಿಲ್ಲ, ಗತ್ತು ಇರಲಿಲ್ಲ. ಆದ್ದರಿಂದ ಹಗುರತನ ಬರಿಯ ನೆಪ. ಬೇಕಾದುದು ಮೆರವಣಿಗೆ.

ನಾವು ಯಾರ ಕಾರಿನ ಗಾಜಿಗೂ ಕಲ್ಲೆಸೆಯಿರೆಂದು ಹೇಳುವವರಲ್ಲ. ತನ್ನ ದುಡಿಮೆಯ ಹಣದಲ್ಲಿ ಒಬ್ಬ ಚಂದದ ಕಾರು ಕೊಂಡರೆ ನಮಗೆ ಹೊಟ್ಟೆಕಿಚ್ಚಿಲ್ಲ. ನಾವು ಕೇಳುವುದು ಇಷ್ಟು:

ಒಂದು: ಲಕ್ಷ ದಾಟಿದ ಬೈಕಿನ ಮೇಲಿನ ೧೮ರ ದರವನ್ನು ಇಳಿಸಿರಿ. ಹೊಟ್ಟೆಪಾಡಿನ ಗಾಡಿಗೂ ಷೋಕಿಯ ಗಾಡಿಗೂ ಒಂದೇ ತಕ್ಕಡಿ ಬೇಡ.

ಎರಡು: ೨೦ ಲಕ್ಷಕ್ಕೆ ನಿಂತ ಏಣಿಯನ್ನು ಮುಂದುವರಿಸಿರಿ. ೫೦ ಲಕ್ಷಕ್ಕೊಂದು, ಕೋಟಿಗೊಂದು ಮೆಟ್ಟಿಲು ಕಟ್ಟಿರಿ.

ಮೂರು: ಹೊರರಾಜ್ಯದ ನಂಬರಿನಲ್ಲಿ ಅಡಗಿದ ಕಾರುಗಳನ್ನು ವರ್ಷಕ್ಕೊಮ್ಮೆ ಸುದ್ದಿಗಾಗಿ ಹಿಡಿಯುವುದು ಸಾಲದು, ವರ್ಷವೆಲ್ಲಾ ಹಿಡಿಯಿರಿ.

ನಾಲ್ಕು: ಬಂದ ಹಣವನ್ನು ಕಲ್ಯಾಣ ಕರ್ನಾಟಕದ ಬಸ್ಸುಗಳಿಗೆ ಹಾಕಿರಿ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳಲ್ಲಿ ಪಾಳಿಯ ವೇಳೆಗೂ ಸಂತೆಯ ದಿನಕ್ಕೂ ಸರಿಯಾಗಿ ಬಸ್ಸು, ಗಂಟುಮೂಟೆಗೆ ಜಾಗ, ನೌಕರರಿಗೆ ಹಿಂಬಾಕಿ. ಕೊಟ್ಟೂರು ದಾರಿಯಲ್ಲಿ ಕೆಲಸದ ಹೊತ್ತಿಗೆ ಒದಗುವ ರೈಲು.

ಗಿರಣಿಯ ಗೆಳೆಯರೇ, ಅಂಗಡಿ ಬಂಧುಗಳೇ, ಈ ನಾಲ್ಕನ್ನು ಕಾಗದದಲ್ಲಿ ಬರೆದು ನಿಮ್ಮ ನಿಮ್ಮ ಸಂಘಗಳಿಂದ ಸಹಿ ಮಾಡಿಸಿ ಶಾಸಕರ ಕೈಯಲ್ಲಿ ಇಡಿರಿ. ಮತ ಕೇಳಲು ಅವರು ಬರುವಾಗ ಬಸ್ಸಿನಲ್ಲಿ ಬಂದರೋ ಕಾರಿನಲ್ಲಿ ಬಂದರೋ ನೋಡಿರಿ. ಕಾರು ಹಗುರವಾಗಿದ್ದರೆ ಸಾಲದು. ದುಡಿಯುವವನ ಬೆನ್ನೂ ಹಗುರವಾಗಬೇಕು.