ಹಿಡಿಸೂಡಿ ಯಾರ ಕೈಯಲ್ಲಿ?



ರಜೆಗೆ ಊರಿಗೆ ಹೋದ ನಮ್ಮ ಹಾಸ್ಟೆಲ್ ಹುಡುಗರು ಎರಡೇ ದಿನಕ್ಕೆ ವಾಪಸು ಬರುತ್ತಾರೆ. ಯಾಕೋ ಅಂದರೆ, 'ಮನೆ ಸರಿ ಇಲ್ಲ ಮಾರಾಯ' ಅನ್ನುತ್ತಾರೆ. ಜೊತೆಗೆ ಓದುವ ಗೆಳೆಯನನ್ನು ಕೇರಿಗೆ ಕರೆದುಕೊಂಡು ಹೋಗಲು ನಾಚಿಕೆ. ಈ ನಾಚಿಕೆ ಎಲ್ಲಿಂದ ಬಂತು ಎಂಬುದನ್ನು ನಾವು ಕೂತು ಮಾತಾಡಬೇಕಾಗಿದೆ.

'ಅವರು ಕೊಳಕರು' ಎಂಬ ಮಾತನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಹಾಗೆ ಹೇಳುವವರ ಅಂಗಳ ಗುಡಿಸಿದ್ದು ಯಾರು? ಅವರ ಹಟ್ಟಿಗೊಬ್ಬರ ಹೊತ್ತು ಗದ್ದೆಗೆ ಹಾಕಿದ್ದು ಯಾರು? ಪೇಟೆಯ ಚರಂಡಿ ಬಳಿದದ್ದು ಯಾರು? ನಮ್ಮ ಅಪ್ಪ ಅಮ್ಮಂದಿರು. ಈ ಕರಾವಳಿಯ ಕೊರಗರಲ್ಲಿ ಒಂದು ಪಂಗಡದವರು ದಾರಿಗೆ ಉಗುಳಿ ಮೈಲಿಗೆ ಮಾಡಬಾರದೆಂದು ಕೊರಳಿಗೆ ಅಂಡೆ ಕಟ್ಟಿಕೊಳ್ಳಬೇಕಾಗಿತ್ತು ಎಂಬುದು 1909ರ ಥರ್ಸ್ಟನ್ ಪುಸ್ತಕದಲ್ಲಿ ದಾಖಲಾಗಿದೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ನೇ ಇಸವಿಯಲ್ಲಿ! ಕೊಳಕು ಯಾರದು, ನಾಚಿಕೆ ಯಾರಿಗೆ ಆಗಬೇಕು?

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಯ ನೀರು ಕುಡಿದರು. ಆಮೇಲೆ ಮೇಲುಜಾತಿಯವರು ಆ ಕೆರೆಯನ್ನು 'ಶುದ್ಧ' ಮಾಡಿದರು. ಹೇಗೆ? ಸೆಗಣಿ, ಗಂಜಳ, ಹಾಲು, ಮೊಸರು ತುಂಬಿದ 108 ಮಡಕೆಗಳಿಂದ. ಮಡಿ ಬೇರೆ, ಚೊಕ್ಕ ಬೇರೆ. ಮಡಿಗೆ ಮುಟ್ಟಿಸಿಕೊಳ್ಳದ ಮನುಷ್ಯನೊಬ್ಬ ಬೇಕು. ಚೊಕ್ಕಕ್ಕೆ ನೀರು, ಹಿಡಿಸೂಡಿ, ದುಡಿಯುವ ಕೈ ಸಾಕು. ಅದೇ ವರ್ಷ ಡಿಸೆಂಬರಿನಲ್ಲಿ ಅದೇ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ಹೆಂಗಸರಿಗೆ ಚೊಕ್ಕವಾಗಿರಿ, ಜಾತಿ ತೋರಿಸುವ ಉಡುಗೆ ಬಿಡಿ ಎಂದರು. ಯಾರನ್ನೋ ಮೆಚ್ಚಿಸಲು ಹೇಳಿದ ಮಾತಲ್ಲ ಅದು. ಸ್ವಾಭಿಮಾನದ ಮಾತು.

ಈಗ ನಮ್ಮ ಮನೆಗೆ ಬರೋಣ. ಆಸಾಡಿ ಮಳೆಗೆ ಅಂಗಳದ ಗೆರಟೆ, ಅಡಿಕೆ ಹಾಳೆ, ಹಳೇ ಟಯರುಗಳಲ್ಲಿ ನೀರು ನಿಲ್ಲುತ್ತೆ. ಡೆಂಗ್ಯೂ ಸೊಳ್ಳೆ ಅಲ್ಲೇ ಮೊಟ್ಟೆ ಇಡೋದು. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ಎಲ್ಲ ಕವುಚಿ ಹಾಕಿದರೆ ಅದು ಹುಟ್ಟೋದೇ ಇಲ್ಲ. ಇಲಿಯ ಉಚ್ಚೆ ಬೆರೆತ ಕೆಸರುನೀರು ಕಾಲಿನ ಗಾಯಕ್ಕೆ ತಾಗಿದರೆ ಇಲಿಜ್ವರ. ಗದ್ದೆಗೆ ಇಳಿಯುವ ಅಪ್ಪನ ಕಾಲನ್ನು ಒಮ್ಮೆ ನೋಡಿ. ಜ್ವರ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಹಾಸ್ಟೆಲಿನಲ್ಲಿ ಒಬ್ಬನಿಗೆ ಕಜ್ಜಿ ಬಂದರೆ ಕೋಣೆಯವರೆಲ್ಲ ಒಂದೇ ದಿನ ಮದ್ದು ಹಚ್ಚಬೇಕು, ಚಾದರ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಬ್ಬನೇ ಹಚ್ಚಿಕೊಂಡರೆ ತಿರುಗಿ ಬರುತ್ತೆ.

ಇದನ್ನೆಲ್ಲ ಮಾಡೋದು ಯಾರು? ಧಣಿಯ ಅಂಗಳ ಗುಡಿಸಿ ಬಂದ ಅಮ್ಮನೇ ನಮ್ಮ ಅಂಗಳವನ್ನೂ ಗುಡಿಸಬೇಕಾ? ಸಭೆಯಲ್ಲಿ ಸಮಾನತೆ ಅಂತ ಕೂಗುವ ನಾವು ಉಂಡ ಬಟ್ಟಲನ್ನು ತಂಗಿಯ ಮುಂದೆ ನೂಕುತ್ತೇವೆ. ಕಸ ಒಬ್ಬರದು, ಕೈ ಇನ್ನೊಬ್ಬರದು ಅನ್ನೋದೇ ಜಾತಿ. ಅದು ನಮ್ಮ ಮನೆಯೊಳಗೂ ಇದೆ.

ಹಾಗಂತ ಗುಡಿಸಿದ ಮಾತ್ರಕ್ಕೆ ಬಾವಿಗೆ ನೀರು ಬರೋದಿಲ್ಲ. ನೀರಿಲ್ಲದ ಕಾಲನಿಗೆ ಶುಚಿತ್ವದ ಪಾಠ ಹೇಳುವುದು ಗಾಯಕ್ಕೆ ಉಪ್ಪು ಸವರಿದಂತೆ. ನಳ್ಳಿ, ಚರಂಡಿ, ಕಕ್ಕಸು ನಮ್ಮ ಹಕ್ಕು. ಗ್ರಾಮಸಭೆಯಲ್ಲಿ ಎದ್ದು ಕೇಳಬೇಕು. ಅರ್ಜಿ ಬರೆಯುವುದು, ಸ್ವೀಕೃತಿ ಪಡೆಯುವುದು, ಬಿಡದೆ ಹಿಂದೆ ಬೀಳುವುದು ಓದಿದವರ ಕೆಲಸ.

ಈ ಸಲ ರಜೆಗೆ ಪೂರ್ತಿ ಹೋಗಿ. ಒಂದು ಕೈಯಲ್ಲಿ ಹಿಡಿಸೂಡಿ, ಇನ್ನೊಂದು ಕೈಯಲ್ಲಿ ಅರ್ಜಿ ಇರಲಿ. ಗೆಳೆಯನನ್ನು ಮನೆಗೆ ಕರೆಯಿರಿ. ನಮ್ಮ ಲೋಟದಲ್ಲೇ ಚಾ ಕೊಡಿ. ಅವನು ಕುಡಿಯದೆ ಎದ್ದರೆ, ಕೊಳೆ ಎಲ್ಲಿದೆ ಅಂತ ಆಗ ಗೊತ್ತಾಗುತ್ತೆ.

ಜೈ ಭೀಮ್.